ಮೊಣಕಾಲುದ್ದ ನೀರು

ನಮ್ಮ ಮನೆಯ ಬಚ್ಚಲ ಬಾಗಿಲ ಹತ್ತಿರ ಒಂದು ಹವಾಯಿ ಚಪ್ಪಲಿ ಇದೆ. ಜೋಡಿ ಇಲ್ಲ, ಒಂದೇ. ಎಡಗಾಲಿನದು, ನೀಲಿ ಪಟ್ಟಿಯದು, ಗಂಡಸರ ಅಳತೆಯದು. ಅದು ನಮ್ಮನೆಯವರದ್ದಲ್ಲ, ಮಗನದ್ದೂ ಅಲ್ಲ, ಬಂದುಹೋದ ನೆಂಟರು ಮರೆತದ್ದೂ ಅಲ್ಲ. ಅದರ ಕತೆಗೆ ಆಮೇಲೆ ಬರುತ್ತೇನೆ. ಮೊದಲು 8.12ರ ಲೋಕಲ್ ಹಿಡಿಯಬೇಕು.

ನಾವು ಡೊಂಬಿವಲಿಯಲ್ಲಿರೋದು. ನನ್ನ ಆಫೀಸು ಮುಂಬಯಿಯ ಫೋರ್ಟ್‌ನಲ್ಲಿ. ಹೋಗಲಿಕ್ಕೆ ಒಂದೂಕಾಲು ಗಂಟೆ, ಬರಲಿಕ್ಕೆ ಒಂದೂಕಾಲು ಗಂಟೆ. ಲೇಡೀಸ್ ಡಬ್ಬಿಯಲ್ಲಿ ನಮ್ಮದೊಂದು ಕನ್ನಡದ ಗುಂಪಿದೆ, ಐದು ಜನ. ಬಿಜಾಪುರದ ಅಕ್ಕ ಕಲ್ಯಾಣದಲ್ಲೇ ಹತ್ತಿ, ಒಂದು ಸೀಟಿನಲ್ಲಿ ತಾನು ಕೂತು ಇನ್ನೊಂದರ ಮೇಲೆ ಬ್ಯಾಗ್ ಇಟ್ಟುಕೊಂಡು ಬರುತ್ತಾರೆ. ಅದು ತಪ್ಪು ಅಂತ ನಮಗೂ ಗೊತ್ತು. ಹೀಗೆ ಎರಡು ಸೀಟು, ಐದು ಜನ. ಜೊತೆಗೆ ಫೋರ್ತ್ ಸೀಟ್ ಅನ್ನೋದೊಂದು ಉಂಟಲ್ಲ. ಮೂರು ಜನರ ಬೆಂಚಿನ ತುದಿಯಲ್ಲಿ ನಾಲ್ಕನೆಯವಳು ಅರ್ಧ ಸೀಟಿನ ಮೇಲೆ, ಉಳಿದರ್ಧ ದೇವರ ಮೇಲೆ ಭಾರ ಹಾಕಿ ಕೂರೋದು. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಮೊದಲ ರೈಲು ಹೊರಟಾಗ 14 ಡಬ್ಬಿಗಳಲ್ಲಿ ಸುಮಾರು 400 ಅತಿಥಿಗಳಿದ್ದರಂತೆ. ಈ ಊರಿನಲ್ಲಿ ಎಲ್ಲರಿಗೂ ಸೀಟು ಸಿಕ್ಕಿದ್ದು ಅವತ್ತೇ ಕೊನೆ ಅಂತ ಕಾಣುತ್ತೆ.

ನಮ್ಮ ಗುಂಪಿನ ನಿಯಮ ಒಂದೇ. ಠಾಣೆವರೆಗೆ ಯಾರು ಬೇಕಾದರೂ ಕೂರಬಹುದು. ಠಾಣೆ ದಾಟಿದ ಮೇಲೆ, ಅವತ್ತಿನ ಬೆಳಗ್ಗೆ ಯಾರದ್ದು ಎಲ್ಲರಿಗಿಂತ ಹದಗೆಟ್ಟಿತ್ತೋ ಅವಳಿಗೆ ಕಿಟಕಿ ಸೀಟು. ಪಂಚಾಯ್ತಿಕೆ ಅಕ್ಕನದು. ಯಾರಾದರೂ ಮುಖ ಸಣ್ಣ ಮಾಡಿಕೊಂಡು ಹತ್ತಿದರೆ ಸಾಕು, "ಏನವಾ, ಮಾರಿ ಯಾಕ ಹಿಂಗ ಆಗೇದ? ಹೇಳು, ಸೀಟ್ ಬೇಕೇನು?" ಅಂತ ಶುರು ಮಾಡುತ್ತಾರೆ.

ಗ್ಯಾಸ್ ಮುಗಿದದ್ದು, ಹಾಲು ಉಕ್ಕಿದ್ದು, ಮಕ್ಕಳು ಡಬ್ಬಿ ಮರೆತದ್ದು ಇವಕ್ಕೆಲ್ಲ ಬೆಲೆ ಇಲ್ಲ. ಅವು ಎಲ್ಲರ ಮನೆಯಲ್ಲೂ ಆಗುವಂಥದ್ದು. ದೊಡ್ಡ ಕಷ್ಟಗಳೂ ಇಲ್ಲಿಗೆ ಬರುವುದಿಲ್ಲ. ಒಮ್ಮೆ ನಮ್ಮಲ್ಲೊಬ್ಬಳು ಕೈಯಲ್ಲಿ ಆಸ್ಪತ್ರೆಯ ಫೈಲು ಹಿಡಿದುಕೊಂಡು ಹತ್ತಿದಳು. ಯಾರೂ ಏನೂ ಕೇಳಲಿಲ್ಲ. ಡೊಂಬಿವಲಿಯಲ್ಲೇ ಅಕ್ಕ ಎದ್ದು ಸೀಟು ಬಿಟ್ಟುಕೊಟ್ಟರು. ಅವತ್ತು ಕೊನೇ ಸ್ಟೇಷನ್ ಬರುವವರೆಗೆ ನಮ್ಮ ಗುಂಪು ಬಾಯಿ ಬಿಡಲಿಲ್ಲ.

ಇವೆರಡರ ಮಧ್ಯದಲ್ಲಿ ಒಂದು ಜಾತಿಯ ಕಷ್ಟ ಇದೆ ನೋಡಿ, ಅದೇ ನಮ್ಮ ಬಂಡವಾಳ.

ಒಂದು ಉದಾಹರಣೆ ಕೊಡುತ್ತೇನೆ. ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳ ಮನೆ ಎರಡನೇ ಮಾಳಿಗೆಯಲ್ಲಿ. ಅವರ ಕಟ್ಟಡಕ್ಕೆ ನೀರು ಬರೋದು ಬೆಳಗಿನ ಜಾವ, ಅದೂ ಮನಸ್ಸಿದ್ದರೆ. ಒಂದು ರಾತ್ರಿ ನಲ್ಲಿ ತಿರುಗಿಸಿ ನೋಡಿದಳು, ನೀರಿಲ್ಲ. ಹಾಗೇ ಬಿಟ್ಟು ಮಲಗಿದಳು. ನಾಲ್ಕು ಗಂಟೆಗೆ ನೀರು ಬಂತು. ವರ್ಷಗಟ್ಟಲೆ ದಾರದಷ್ಟು ಸಣ್ಣಗೆ ಬರುತ್ತಿದ್ದ ನೀರು ಅವತ್ತು ಅಬ್ಬಿಯ ಹಾಗೆ ಬಂತು. ಮೊದಲು ಎದ್ದದ್ದು ಅವಳ ಮಾವ. ಮಂಚದಿಂದ ಕಾಲು ಕೆಳಗಿಟ್ಟವರು, "ನೀರು ಬಂತು, ನೀರು ಬಂತು!" ಅಂತ ಖುಷಿಯಲ್ಲೇ ಕೂಗಿದರಂತೆ. ಬಾಗಿಲ ಹತ್ತಿರದ ಚಪ್ಪಲಿಗಳೆಲ್ಲ ತೇಲಿಕೊಂಡು ಅಡುಗೆಮನೆಗೆ ಹೋಗಿ ಗ್ರೈಂಡರಿನ ಪಕ್ಕ ನಿಂತಿದ್ದವು. ಅಷ್ಟರಲ್ಲಿ ಕೆಳಗಿನ ಮನೆಯವರು ಜಗಳಕ್ಕೆ ಬಂದರು. ಬಾಗಿಲು ತೆಗೆದ ಕೂಡಲೇ ನೀರು ಅವರ ಪಾದ ತೊಳೆಯಿತು. ಬೈಯಲಿಕ್ಕೆ ಬಾಯಿ ತೆಗೆದವರು ಒಳಗೆ ಇಣುಕಿ, ನಲ್ಲಿ ನೋಡಿ, ದನಿ ಇಳಿಸಿ ಕೇಳಿದ್ದು ಇಷ್ಟೇ. "ನಿಮ್ಮಲ್ಲಿ ಇಷ್ಟು ಪ್ರೆಷರ್ ಬರುತ್ತಾ?"

ಕಿಟಕಿ ಸೀಟು ಅವಳಿಗೇ ಹೋಯಿತು, ಒಂದು ದಿನಕ್ಕಲ್ಲ, ಎರಡು ದಿನಕ್ಕೆ. ಆ ಕತೆಯನ್ನು ಅವಳು ಆಮೇಲೂ ಎಷ್ಟೋ ಸಲ ಹೇಳಿದಳು. ಮೊದಲ ಸಲ ಹೇಳಿದಾಗ ಪಾದ ಮುಳುಗುವಷ್ಟು ನೀರಿತ್ತು. ಗಣಪತಿ ಹಬ್ಬದ ಹೊತ್ತಿಗೆ ಮೊಣಕಾಲುದ್ದ ಆಯಿತು. ಯಾರೂ ತಕರಾರು ತೆಗೆಯಲಿಲ್ಲ.

ನನಗೆ ಈ ಪಂಚಾಯ್ತಿಯಲ್ಲಿ ಸೀಟು ಸಿಕ್ಕಿದ್ದು ಕಮ್ಮಿ. ಯಾಕೆಂದರೆ ಹೇಳುವಾಗಲೇ ನನಗೆ ಸಿಟ್ಟು ಬರುತ್ತದೆ. ಒಮ್ಮೆ ಊರಿಂದ ಅಮ್ಮ ಮಿಡಿ ಉಪ್ಪಿನಕಾಯಿ ಕಳಿಸಿದ್ದರು. ಸಹೋದ್ಯೋಗಿ ಕೇಳಿದ್ದಳು ಅಂತ ಸಣ್ಣ ಬಾಟಲಿಗೆ ಹಾಕಿ ಬ್ಯಾಗಿನಲ್ಲಿಟ್ಟುಕೊಂಡೆ. ಗರ್ದಿಯಲ್ಲಿ ಯಾರದ್ದೋ ಮೊಣಕೈ ತಾಗಿ ಮುಚ್ಚಳ ಬಿಟ್ಟುಕೊಂಡಿತು. ಅದೇ ಬ್ಯಾಗಿನಲ್ಲಿ ಬ್ಯಾಂಕಿನ ಪಾಸ್‌ಬುಕ್ಕೂ ಇತ್ತು. ಮುಚ್ಚಳಕ್ಕೆ ಬೈದೆ, ಮೊಣಕೈಗೆ ಬೈದೆ, ಉಪ್ಪಿನಕಾಯಿ ಕೇಳಿದವಳಿಗೂ ಬೈದೆ. ಎಲ್ಲ ಕೇಳಿಸಿಕೊಂಡ ಅಕ್ಕ, "ಇದು ಕತಿ ಅಲ್ಲವಾ, ಇದು ಕಂಪ್ಲೇಂಟ್. ನಾಳಿ ಮತ್ತ ಹೇಳು" ಅಂದರು.

ಮಧ್ಯಾಹ್ನ ಬ್ಯಾಂಕಿಗೆ ಹೋದೆ. ಕೌಂಟರಿನವರು ಪಾಸ್‌ಬುಕ್ಕನ್ನು ಎರಡು ಬೆರಳಲ್ಲಿ ಹಿಡಿದು ಬಿಡಿಸಿದರು. ಹಾಳೆಗೆ ಹಾಳೆ ಅಂಟಿತ್ತು. ನನ್ನ ಸಂಬಳ ಬಂದ ಸಾಲಿನ ಮೇಲೆ ಒಂದು ಸಾಸಿವೆ ಕಾಳು. ಬೈಯುತ್ತಾರೆ ಅಂದುಕೊಂಡರೆ, ಅವರು ಮೂಗಿನ ಹತ್ತಿರ ತಂದು ಮೂಸಿದರು. ಗಡಿಯಾರ ನೋಡಿದರು. ಊಟದ ಹೊತ್ತಿಗೆ ಇನ್ನೂ ಅರ್ಧ ಗಂಟೆ ಇತ್ತು. "ಆಂಬಾ?" ಅಂತ ಕೇಳಿದರು, ಮಾವಿನದಾ ಅಂತ. ಹೌದು ಅಂದೆ. ದೊಡ್ಡದೊಂದು ಉಸಿರು ಬಿಟ್ಟು ಹೊಸ ಪಾಸ್‌ಬುಕ್ಕಿನ ಅರ್ಜಿ ಕೊಟ್ಟರು.

ಮರುದಿನ ಇಷ್ಟನ್ನೇ ಹೇಳಿದೆ. ಮೊಣಕೈಯ ಸುದ್ದಿ ಎತ್ತಲಿಲ್ಲ. ಕಿಟಕಿ ಸೀಟು ಕೊಟ್ಟರು.

ಊರಲ್ಲಿ ಏನಾದರೂ ಎಡವಟ್ಟಾದರೆ "ಇವತ್ತು ಯಾರ ಮುಖ ನೋಡಿ ಎದ್ದೆನೋ" ಅನ್ನುತ್ತಿದ್ದೆವು. ಎದುರುಮನೆಯವರು, ಹಾಲಿನವನು, ಬೆಕ್ಕು, ಯಾರಾದರೊಬ್ಬರು ಸಿಗುತ್ತಿದ್ದರು. ಇಲ್ಲಿ ಎದ್ದ ಕೂಡಲೇ ನಾನು ನೋಡೋದು ಫೋನು. ಅದು ನನ್ನ ಮುಖ ನೋಡಿದ ಮೇಲೇ ತೆರೆದುಕೊಳ್ಳುವಂಥದ್ದು. ಅಂದರೆ ದಿನಾ ಬೆಳಗ್ಗೆ ನನ್ನ ಮುಖ ನೋಡಿ ಏಳುವ ಕರ್ಮ ಅದರದ್ದು. ಎರಡು ವರ್ಷದಲ್ಲಿ ಮೂರು ಸಲ ಬಿದ್ದಿದೆ, ಪಾಪ.

ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ, ಅವನಿಗೆ ಈ ಮುಖದ ಲೆಕ್ಕ ಹಿಡಿಸುವುದಿಲ್ಲ. ಒಂದು ಭಾನುವಾರ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ತಟ್ಟೆಯಲ್ಲಿಟ್ಟಿದ್ದೆ. ಕೈ ತಾಗಿ ಕೆಳಗೆ ಬಿತ್ತು, ಬೆಣ್ಣೆಯ ಮಗ್ಗುಲೇ ಕೆಳಗಾಗಿ. "ನನ್ನ ಹಣೆಬರಹವೇ ಹೀಗೆ" ಅಂದೆ. "ಹಣೆಬರಹ ಅಲ್ಲಮ್ಮ, ಮೇಜಿನ ಎತ್ತರ" ಅಂದ. ರಾಬರ್ಟ್ ಮ್ಯಾಥ್ಯೂಸ್ ಎನ್ನುವವರು 1995ರಲ್ಲಿ ಇದನ್ನೇ ಲೆಕ್ಕ ಹಾಕಿ ಪ್ರಬಂಧ ಬರೆದಿದ್ದಾರಂತೆ. ಮೇಜಿನ ಅಂಚಿಂದ ಜಾರಿದ ಬ್ರೆಡ್ಡು ತಿರುಗುತ್ತಾ ಬೀಳುತ್ತದೆ. ನಮ್ಮ ಮೇಜುಗಳ ಎತ್ತರಕ್ಕೆ ಅರ್ಧ ಸುತ್ತು ತಿರುಗುವಷ್ಟೇ ಸಮಯ. ಮೇಲಿದ್ದ ಮಗ್ಗುಲು ಕೆಳಗಾಗಿರುತ್ತದೆ, ಅಷ್ಟರಲ್ಲಿ ನೆಲ ಬರುತ್ತದೆ. ಅವರಿಗೆ 1996ರಲ್ಲಿ ಇಗ್ ನೊಬೆಲ್ ಕೊಟ್ಟರು. ಮೊದಲು ನಗಿಸಿ ಆಮೇಲೆ ಯೋಚಿಸಲಿಕ್ಕೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಬಹುಮಾನ ಅದು. ಟಿಕೆಟ್ ಕಿಟಕಿಯಲ್ಲಿ ಪಕ್ಕದ ಸಾಲೇ ಬೇಗ ಸರಿಯುವುದಕ್ಕೂ ಅವನ ಹತ್ತಿರ ಲೆಕ್ಕ ಇದೆ. ಮೂರು ಸಾಲಿದ್ದರೆ ನಿನ್ನದೇ ಎಲ್ಲಕ್ಕಿಂತ ಬೇಗ ಸಾಗುವ ಸಾಧ್ಯತೆ ಮೂರರಲ್ಲಿ ಒಂದು, ಬೇರೆ ಯಾವುದೋ ಒಂದು ಬೇಗ ಸಾಗುವುದು ಮೂರರಲ್ಲಿ ಎರಡು. ಇದರಲ್ಲಿ ಶನಿ ಎಲ್ಲಿ ಬಂದ ಅಂತ ಕೇಳಿದ.

ಸರಿ, ಶನಿ ಬರಲಿಲ್ಲ. ಹಾಗಾದರೆ ಬೈಯಲಿಕ್ಕೆ ಬಡಗಿಯೊಬ್ಬ ಸಿಕ್ಕ ಅಂದೆ. ನಮ್ಮ ಹೋಟೆಲಿನವರು ಮಸಾಲೆದೋಸೆಯನ್ನು ಮಡಚಿ ಕೊಡೋದು ಸುಮ್ನೆ ಅಲ್ಲ, ಮುಂದಾಲೋಚನೆ ಇದೆ ಅಂತಲೂ ಅಂದೆ. ಅದಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ.

ನಮ್ಮ ಕಟ್ಟಡದ ಹಿರಿಯರೊಬ್ಬರು ಬೆಳಗ್ಗೆ ಪಾರ್ಕಿನಲ್ಲಿ ಹಾಸ್ಯ ಕ್ಲಬ್ಬಿಗೆ ಹೋಗುತ್ತಾರೆ. ಕೈ ಮೇಲೆತ್ತಿ ಹೋ ಹೋ, ಹಾ ಹಾ ಹಾ. ಈ ಕ್ಲಬ್ಬುಗಳು ಹುಟ್ಟಿದ್ದು ಇದೇ ಮುಂಬಯಿಯಲ್ಲಿ. 1995ರ ಮಾರ್ಚ್ 13ರಂದು ಡಾಕ್ಟರ್ ಮದನ್ ಕಟಾರಿಯಾ ಅಂಧೇರಿಯ ಲೋಖಂಡ್‌ವಾಲಾದ ಒಂದು ಪಾರ್ಕಿನಲ್ಲಿ ಐದು ಜನರ ಗುಂಪು ಕಟ್ಟಿ ಶುರು ಮಾಡಿದರು. ಮೊದಮೊದಲು ಒಬ್ಬೊಬ್ಬರು ಜೋಕು ಹೇಳುತ್ತಿದ್ದರಂತೆ. ಎರಡೇ ವಾರದಲ್ಲಿ ಒಳ್ಳೆಯ ಜೋಕುಗಳು ಖಾಲಿಯಾದವು. ಆಮೇಲೆ ಕಾರಣವೇ ಇಲ್ಲದೆ ನಗುವುದನ್ನು ಕಂಡುಕೊಂಡರು. ಒಳ್ಳೆಯದೇ. ಆದರೆ ಮುಂಬಯಿಯಲ್ಲಿ ಕೂತು ನಗಲಿಕ್ಕೆ ವಿಷಯ ಖಾಲಿಯಾಯಿತು ಅಂದರೆ ಹೇಗೆ? ಜೋಕು ಬಿಟ್ಟು, ನಿನ್ನೆ ಏನು ಕೆಟ್ಟಿತು ಅಂತ ಕೇಳಿದ್ದರೆ ಇವತ್ತಿಗೂ ಮುಗಿಯುತ್ತಿರಲಿಲ್ಲ.

ಹೀಗೆ ಹೇಳುವಾಗ ಒಂದು ಸಂಕೋಚ ಕಾಡುತ್ತದೆ. ಎಲ್ಲದಕ್ಕೂ ನಗಲಿಕ್ಕೆ ಆಗುತ್ತಾ?

2005ರ ಜುಲೈ 26, ಮಂಗಳವಾರ. ಆ ಸಂಜೆ ನಾವು ಚೆಂಬೂರಿನ ನನ್ನ ಚಿಕ್ಕಮ್ಮನ ಮನೆಗೆ ಹೋಗುವುದಿತ್ತು. ನಮ್ಮನೆಯವರು ಅದನ್ನು ಆಗಲೇ ಎರಡು ಸಲ ತಪ್ಪಿಸಿದ್ದರು. ಮಧ್ಯಾಹ್ನ ಮೂರೂವರೆಗೆ ಕುರ್ಲಾದ ಅವರ ಆಫೀಸಿಂದ ನನ್ನ ಆಫೀಸಿಗೆ ಫೋನು ಬಂತು. "ಇಲ್ಲಿ ಸೊಂಟದವರೆಗೆ ನೀರು. ನೀನು ಎಲ್ಲಿಗೂ ಹೊರಡಬೇಡ." ನಾನು ಕಿಟಕಿಯಾಚೆ ನೋಡಿದೆ. ಫೋರ್ಟ್‌ನಲ್ಲಿ ಮಳೆ ಇತ್ತು, ಇಲ್ಲ ಅಂತಲ್ಲ. ಆದರೆ ಕೆಳಗೆ ಚಹಾದವನು ಒಲೆ ಹಚ್ಚಿಕೊಂಡು ಎಂದಿನ ಹಾಗೆ ನಿಂತಿದ್ದ. "ರೀ, ಚಿಕ್ಕಮ್ಮನ ಮನೆ ತಪ್ಪಿಸಲಿಕ್ಕೆ ಬೇರೆ ನೆಪ ಸಿಗಲಿಲ್ವಾ?" ಅಂದೆ. ಅವರು ಏನೋ ಹೇಳುವಷ್ಟರಲ್ಲಿ ಲೈನು ಹೋಯಿತು.

ಅವರು ಮನೆ ಸೇರಿದ್ದು ಮರುದಿನ ಸಂಜೆ, ಬೂಟು ಕೊರಳಿಗೆ ಕಟ್ಟಿಕೊಂಡು, ಹಳಿಯ ಮೇಲೆ ನಡೆದು. ನಾನು ಬರುವಷ್ಟರಲ್ಲಿ ಇನ್ನೂ ಒಂದು ದಿನ ಕಳೆದಿತ್ತು. ಆಮೇಲೆ ಪೇಪರಿನಲ್ಲಿ ಲೆಕ್ಕ ಬಂತು. ಆ 24 ಗಂಟೆಯಲ್ಲಿ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ. ನನ್ನ ಆಫೀಸಿಗೆ ಹತ್ತಿರದ ಕೊಲಾಬಾದಲ್ಲಿ 73. ಒಂದೇ ಊರು, ಒಂದೇ ದಿನ. ಆ ಮಳೆಯಲ್ಲಿ ಇಡೀ ರಾಜ್ಯದಲ್ಲಿ ಸತ್ತವರ ಸಂಖ್ಯೆ ಸಾವಿರದ ಹತ್ತಿರ ಹೋಯಿತು. ಹಳಿಯ ಪಕ್ಕ ಏನೇನು ಕಂಡರು ಅಂತ ನಮ್ಮನೆಯವರು ಇವತ್ತಿಗೂ ಪೂರ್ತಿ ಹೇಳಿಲ್ಲ. ನಾನೂ ಕೇಳಿಲ್ಲ.

ಬಹಳ ವರ್ಷ ಆ ದಿನದ ಮಾತು ಮನೆಯಲ್ಲಿ ಏಳಲಿಲ್ಲ. ಆಮೇಲೊಂದು ದಿನ ಅವರಿಗೆ ಹಲ್ಲುನೋವು. ಕೆನ್ನೆ ಹಿಡಿದುಕೊಂಡು ಕೂತಿದ್ದರು. ನಾನು ಸೀರಿಯಲ್ ನೋಡುತ್ತಾ, "ಒಂದು ಲವಂಗ ಇಟ್ಟುಕೊಳ್ಳಿ, ಹೋಗುತ್ತೆ" ಅಂದೆ. ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ಊದಿದ ಬಾಯಲ್ಲೇ ಹೇಳಿದರು. "ನಿನ್ನ ಕಡೆ ಎಪ್ಪತ್ತಮೂರೇ ಅಲ್ವಾ."

ನಾನು ಟೀವಿ ಆರಿಸಿದೆ. ಮೊದಲು ಕಣ್ಣಲ್ಲಿ ನೀರು ಬಂತು, ಆಮೇಲೆ ನಗು. ಅವರಿಗೂ ನಗು ಬಂತು, ನಕ್ಕದ್ದಕ್ಕೆ ಹಲ್ಲು ಇನ್ನೂ ಜಾಸ್ತಿ ನೋಯಿತು. ಆ ಮಾತನ್ನು ಅವರೇ ಆಡಬೇಕಿತ್ತು, ನಾನು ಆಡುವ ಹಾಗಿರಲಿಲ್ಲ. ಈಗ ಅದು ಮನೆಯ ಮಾತಾಗಿಬಿಟ್ಟಿದೆ. ಯಾರಿಗಾದರೂ ಪೆಟ್ಟಾದರೆ, ಜ್ವರ ಬಂದರೆ, ಪರೀಕ್ಷೆ ಕೆಟ್ಟರೆ ಮೊದಲು ಕೇಳೋದು, "ಎಷ್ಟು ಮಿಲಿಮೀಟರ್?" ಅಂತ. ಅನುಭವಿಸಿದವರು ಹೇಳಿದ್ದೇ ಲೆಕ್ಕ. ಇನ್ನೊಬ್ಬರು ಕಿಟಕಿಯಾಚೆ ನೋಡಿ ಹೇಳುವಂತಿಲ್ಲ.

ಈಗ ಚಪ್ಪಲಿ.

ಕೆಲವು ವರ್ಷಗಳ ಹಿಂದೆ, ಜುಲೈ ತಿಂಗಳ ಒಂದು ಶನಿವಾರ. ಮಾಟುಂಗಾದಲ್ಲಿ ಒಂದು ಕನ್ನಡ ಕಾರ್ಯಕ್ರಮ. ನನ್ನನ್ನು ನಗೆಬರಹ ಓದಲಿಕ್ಕೆ ಕರೆದಿದ್ದರು. ನನ್ನನ್ನು ವೇದಿಕೆಗೆ ಕರೆದದ್ದು ಅದೇ ಮೊದಲು. ಬಿಜಾಪುರದ ಅಕ್ಕ ಊರಿಂದ ತಂದುಕೊಟ್ಟಿದ್ದ ಇಳಕಲ್ ಸೀರೆ ಉಟ್ಟೆ. ನಾಲ್ಕು ಹಾಳೆ ಬರಹವನ್ನು ಜೆಲ್ ಪೆನ್ನಿನಲ್ಲಿ ನೀಟಾಗಿ ನಕಲು ಮಾಡಿದ್ದೆ.

ಕುರ್ಲಾ ದಾಟಿದ ಮೇಲೆ ರೈಲು ನಿಂತಿತು. ಮುಂದೆ ಹಳಿಯ ಮೇಲೆ ನೀರು. ಅರ್ಧ ಗಂಟೆ ಆಯಿತು, ಮುಕ್ಕಾಲು ಆಯಿತು. ಜನ ಒಬ್ಬೊಬ್ಬರೇ ಕೆಳಗೆ ಧುಮುಕಿದರು. ಕೆಳಗಿದ್ದ ಇಬ್ಬರು ಹೆಂಗಸರು ಕೈ ಕೊಟ್ಟರು, ನಾನೂ ಇಳಿದೆ. ಹಳಿಯ ಪಕ್ಕದಲ್ಲೇ ನಡೆದು ಸಾಯನ್ ಸ್ಟೇಷನ್, ಅಲ್ಲಿಂದ ರಸ್ತೆ. ಗಾಂಧಿ ಮಾರ್ಕೆಟ್ ಹತ್ತಿರ ಬಂದರೆ ರಸ್ತೆಯೇ ಇಲ್ಲ, ಬರೀ ಕೆರೆ. ಆ ಜಾಗ ಬಸಿಯ ಹಾಗೆ ತಗ್ಗು. ಸಮುದ್ರ ಭರತದಲ್ಲಿದ್ದರೆ ಮಳೆನೀರಿಗೆ ಹೋಗಲಿಕ್ಕೆ ಜಾಗ ಇಲ್ಲ, ಸುಮ್ನೆ ನಿಲ್ಲುತ್ತದೆ. ಒಂದು ಕಡೆ ಮ್ಯಾನ್‌ಹೋಲ್ ಬಾಯಿ ತೆರೆದಿದೆ ಅನ್ನುವ ಗುರುತಿಗೆ ಯಾರೋ ಮರದ ಕೊಂಬೆ ನೆಟ್ಟಿದ್ದರು. ಅದನ್ನು ದೂರ ಬಿಟ್ಟು, ಡಿವೈಡರ್ ಹಿಡಿದುಕೊಂಡು ಎಲ್ಲರೂ ಸಾಲಾಗಿ ನಡೆಯುತ್ತಿದ್ದೆವು. ಸೀರೆ ಎತ್ತಿ ಹಿಡಿಯುವ ಮರ್ಯಾದೆ ಎಲ್ಲಿಯವರೆಗೆ ಅಂತ ಒಂದಿರುತ್ತದಲ್ಲ, ನೀರು ಅದಕ್ಕಿಂತ ಸ್ವಲ್ಪ ಮೇಲಿತ್ತು.

ನನಗೆ ಏನೇ ಕೆಟ್ಟರೂ ಅಮ್ಮ ಊರಿಂದ ಫೋನಿನಲ್ಲಿ ಒಂದೇ ಗಾದೆ ಹೇಳೋದು. "ಪಾಪಿ ಸಮುದ್ರಕ್ಕೆ ಹೋದ್ರೂ ಮೊಣಕಾಲುದ್ದ ನೀರು." ಅವತ್ತು ಅಲ್ಲಿ ನಿಂತು ಅದು ನೆನಪಾಯಿತು. ಮುಂಬಯಿಯ ಪಾಪಿಗೆ ಸಮುದ್ರದವರೆಗೆ ಹೋಗುವ ಕಷ್ಟವೂ ಇಲ್ಲ. ಸಮುದ್ರ ಬೇಡ ಅಂದ ನೀರು ಇಲ್ಲೇ ಬಂದು ನಿಂತಿರುತ್ತದೆ, ಸರಿಯಾಗಿ ಮೊಣಕಾಲುದ್ದ.

ಹಾಗೆ ಅಂದುಕೊಂಡು ಒಬ್ಬಳೇ ನಗುತ್ತಿರುವಾಗಲೇ ಎಡಗಾಲಿನ ಚಪ್ಪಲಿ ಹೋಯಿತು. ಮೇಲೆ ಬಂದು, ಒಂದು ಸುತ್ತು ಸುತ್ತಿ, ದಾದರ್ ಕಡೆ ಹೊರಟಿತು. ಪಕ್ಕದಲ್ಲಿ ನಿಂತ ಕಾರು ತಳ್ಳುತ್ತಿದ್ದ ಹುಡುಗರಲ್ಲಿ ಒಬ್ಬ, "ರುಕೋ ಆಂಟಿ!" ಅಂತ ಕೂಗಿ ನೀರಿನಲ್ಲಿ ಓಡಿದ. ಹತ್ತು ವರ್ಷ ಇರಬಹುದು. ಐದು ನಿಮಿಷದ ಮೇಲೆ ಗೆದ್ದವನ ಹಾಗೆ ಕೈ ಮೇಲೆತ್ತಿಕೊಂಡು ಬಂದ. ಕೈಯಲ್ಲಿ ನೀಲಿ ಪಟ್ಟಿಯ ಗಂಡಸರ ಹವಾಯಿ ಚಪ್ಪಲಿ. ಇದು ನನ್ನದಲ್ಲಪ್ಪ ಅಂದೆ. ಅವನು ಒಮ್ಮೆ ನನ್ನ ಬರಿಗಾಲಿನ ಕಡೆ, ಒಮ್ಮೆ ಚಪ್ಪಲಿಯ ಕಡೆ ನೋಡಿದ. "ಲೆಫ್ಟ್ ಹೀ ತೋ ಹೈ" ಅಂದ. ಎಡಗಾಲಿನದೇ ಅಲ್ವಾ, ಮತ್ತೇನು? ವಾದಕ್ಕೆ ಜಾಗವಿರಲಿಲ್ಲ. ಹಾಕಿಕೊಂಡೆ. ಹತ್ತು ರೂಪಾಯಿ ಕೊಡಲು ಹೋದೆ, ಇಪ್ಪತ್ತು ಕೇಳಿದ.

ಬಲಗಾಲಿಗೆ ಹಿಮ್ಮಡಿ ಎತ್ತರದ ಕಂದು ಚಪ್ಪಲಿ, ಎಡಗಾಲಿಗೆ ಇದು. ಕುಂಟುತ್ತಾ ಸಭಾಂಗಣ ಸೇರಿದೆ. ಒಳಗೆ ಏಳು ಜನ. ಅದರಲ್ಲಿ ಒಬ್ಬರು ಮೈಕಿನವರು, ಒಬ್ಬರು ವಾಚ್‌ಮನ್. ಅಧ್ಯಕ್ಷರು ಠಾಣೆಯಲ್ಲಿ ಸಿಕ್ಕಿಹಾಕಿಕೊಂಡು ಫೋನಿನಲ್ಲೇ ಶುಭ ಕೋರಿದರು. ಬ್ಯಾಗಿನಿಂದ ಹಾಳೆ ತೆಗೆದರೆ ನಾಲ್ಕೂ ಸೇರಿ ಒಂದು ನೀಲಿ ಮುದ್ದೆ.

ಇರಲಿ, ಬಂದ ದಾರಿಯ ಕತೆಯನ್ನೇ ಹೇಳೋಣ, ನಗೆಬರಹಕ್ಕಿಂತ ಇದೇ ಚೆನ್ನಾಗಿದೆ ಅಂತ ಮೈಕ್ ಹಿಡಿದೆ. ಗಾಂಧಿ ಮಾರ್ಕೆಟ್ಟಿನಲ್ಲಿ ಮೊಣಕಾಲುದ್ದ ನೀರು ಅನ್ನುವಷ್ಟರಲ್ಲಿ ಮುಂದಿನ ಸಾಲಿನ ಹಿರಿಯರು ಕೈ ಎತ್ತಿದರು. "ನೀವು ಯಾವ ಕಡೆಯಿಂದ ಬಂದದ್ದು? ನಾವು ಹಿಂದ್‌ಮಾತಾ ಕಡೆಯಿಂದ. ಅಲ್ಲಿ ಸೊಂಟದವರೆಗೆ." ಅವರ ಹೆಂಡತಿ ತಿದ್ದಿದರು, "ಇವರ ಸೊಂಟ ಅಲ್ಲ, ನನ್ನ ಸೊಂಟ." ಹಿಂದೆ ಕೂತಿದ್ದವರೊಬ್ಬರು ತಮ್ಮ ಟ್ಯಾಕ್ಸಿ ಅರ್ಧ ದಾರಿಯಲ್ಲಿ ನಿಂತದ್ದು, ತಳ್ಳಿಸಿದ ಮೇಲೂ ಡ್ರೈವರ್ ಪೂರಾ ಬಾಡಿಗೆ ತೆಗೆದುಕೊಂಡದ್ದು ಹೇಳಿದರು. ಮೈಕಿನವರಿಗೂ ಒಂದು ಕತೆ ಇತ್ತು. ನಾನು ಮೈಕ್ ಹಿಡಿದುಕೊಂಡೇ ನಿಂತಿದ್ದೆ. ನನ್ನ ಕತೆಗೆ ಯಾರೂ ನಗಲಿಲ್ಲ. ಎಲ್ಲರೂ ಅದೇ ನೀರಿನಲ್ಲಿ ಬಂದವರು, ಎಲ್ಲರಿಗೂ ಕಿಟಕಿ ಸೀಟೇ ಬೇಕಿತ್ತು. ಕೊನೆಗೆ ನಕ್ಕದ್ದು ವಾಚ್‌ಮನ್ ಒಬ್ಬನೇ, ಅದೂ ನನ್ನ ಕಾಲು ನೋಡಿ. ಅವನಿಗೆ ಕನ್ನಡ ಬರುತ್ತಿರಲಿಲ್ಲ.

ಅರವತ್ತು ಜನಕ್ಕೆ ಅಂತ ಗೋಳಿಬಜೆ ಮಾಡಿಸಿದ್ದರು. ಆ ಮಳೆಯಲ್ಲಿ ಅದು ಮಾತ್ರ ಸರಿಯಾದ ಹೊತ್ತಿಗೆ ಬಂದಿತ್ತು. ತಿನ್ನುವಷ್ಟು ತಿಂದು, ಉಳಿದದ್ದನ್ನು ಏಳು ಪಾಲು ಮಾಡಿ ಪೊಟ್ಟಣ ಕಟ್ಟಿಕೊಂಡೆವು. ರಾತ್ರಿ ಹತ್ತೂವರೆಗೆ ಮನೆ ಸೇರಿದೆ. ನಮ್ಮನೆಯವರು ಬಾಗಿಲು ತೆಗೆದು ನನ್ನ ಸೀರೆ ನೋಡಿದರು, ಕಾಲು ನೋಡಿದರು, ಪೊಟ್ಟಣ ನೋಡಿದರು. "ಕಾರ್ಯಕ್ರಮ ಚೆನ್ನಾಗಿತ್ತಾ?" ಅಂತ ಕೇಳಿದರು.

ಬಲಗಾಲಿನ ನನ್ನ ಚಪ್ಪಲಿಯನ್ನು ಆಗಲೇ ಎಸೆದೆ. ಇದನ್ನು ಮಾತ್ರ ಎಸೆಯಲಿಕ್ಕೆ ಮನಸ್ಸಾಗಲಿಲ್ಲ. ನನ್ನದಾಗಿದ್ದರೆ ಎಸೆಯುತ್ತಿದ್ದೆನೋ ಏನೋ. ಇದರ ಯಜಮಾನ ಅವತ್ತು ಎಲ್ಲೋ ಪ್ರತೀಕ್ಷಾನಗರದಲ್ಲೋ ಧಾರಾವಿಯಲ್ಲೋ ಒಂಟಿ ಕಾಲಿನಲ್ಲಿ ಮನೆಗೆ ಹೋಗಿ ಹೆಂಡತಿಗೆ ಈ ಕತೆ ಹೇಳಿರುತ್ತಾನೆ. ಅದೇ ಹುಡುಗ ಅವನಿಗೆ ನನ್ನದನ್ನು ಕೊಟ್ಟು ಇಪ್ಪತ್ತು ರೂಪಾಯಿ ಇಸ್ಕೊಂಡಿದ್ದರೂ ಆಶ್ಚರ್ಯ ಇಲ್ಲ. ಪ್ರತಿ ದೀಪಾವಳಿಗೆ ಮನೆ ಗುಡಿಸುವಾಗ ನಮ್ಮನೆಯವರು ಅದನ್ನು ಎತ್ತಿಕೊಂಡು ನನ್ನ ಮುಖ ನೋಡುತ್ತಾರೆ, ಮತ್ತೆ ಅಲ್ಲೇ ಇಡುತ್ತಾರೆ. ಈಚೆಗೆ ಮಗ ಬಚ್ಚಲಿಗೆ ಹೋಗುವಾಗ ಅದನ್ನೇ ಒಂದು ಕಾಲಿಗೆ ಹಾಕಿಕೊಳ್ಳುತ್ತಾನೆ.

ಹೋದ ವಾರ ಬೆಳಗ್ಗೆ ನಾನು ಅಡುಗೆಮನೆಯಲ್ಲಿದ್ದೆ. ಬಚ್ಚಲಲ್ಲಿ ಧಡ್ ಅಂತ ಸದ್ದಾಯಿತು, ಬಕೆಟ್ ಉರುಳಿತು. ಕೈಯಲ್ಲಿದ್ದ ಸೌಟು ಹಾಗೇ ಹಿಡಿದುಕೊಂಡು, ಜೀವ ಬಾಯಿಗೆ ಬಂದು, ಕೂಗಿದೆ. "ಎಷ್ಟೋ?"

ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಒಳಗಿಂದ ದನಿ ಬಂತು. "ಇನ್ನೂರು." ಇನ್ನೂ ಸ್ವಲ್ಪ ಹೊತ್ತಾದ ಮೇಲೆ, "ಚಹಾ ಇದ್ದರೆ ನೂರೈವತ್ತು."

ಜಾರಿದ್ದು ಬಲಗಾಲಂತೆ.